ಕೋಲು ಕೂಗಿದ ತೋಳು

“ತೋಳು ಮೇಲೆತ್ತೋ ಅಂದೆ.”

“ಎತ್ತಿದ್ದೀನಲ್ಲ ಅಬೂ ಸೈಫ್. ಇನ್ನೆಷ್ಟು ಎತ್ತಲಿ, ಆಕಾಶ ಮುಟ್ಟಬೇಕಾ?”

“ಬಾಯಿ ಮುಚ್ಚು. ಹದಿನಾಲ್ಕು ವರ್ಷ ನನ್ನ ಅನ್ನ ತಿಂದು ನನ್ನ ಒಂಟೇದೇ ಕತ್ತು ಕುಯ್ದಿದ್ದೀಯ. ಮೇಲೆತ್ತು.”

“ಯಾರ ಕತ್ತೂ ಕುಯ್ದಿಲ್ಲ ನಾನು.”

“ಹಂಗಾದ್ರೆ ಕೋಲು ಸುಳ್ಳು ಹೇಳುತ್ತಾ?”

“ಕೋಲು ಏನು ಹೇಳುತ್ತೋ ನಂಗೊತ್ತಿಲ್ಲ. ನಾನು ಸುಳ್ಳು ಹೇಳಲ್ಲ ಅನ್ನೋದು ನಿಮಗೆ ಗೊತ್ತು.”

ಮರಳುಗಾಡಿನ ಅಂಚಿನ ಸಿನಾವ್ ಊರಿನ ಒಂಟೆ ಓಟದ ಕಣದ ಪಕ್ಕ, ಕಬ್ಬಿಣದ ಕೊಳವೆಗಳ ಬೇಲಿಯೊಳಗೆ, ಬೆಳಗಿನ ಏಳು ಗಂಟೆಗೇ ಮೂವತ್ತು ಗಂಡಸರು ಸುತ್ತುಗಟ್ಟಿದ್ದರು. ಅರ್ಧ ಗಂಟೆ ಹಿಂದೆ ಅವರೆಲ್ಲ ತಂತಮ್ಮ ಒಂಟೆಯ ಹಗ್ಗ ಹಿಡಿದು ಸಾಲಿನಲ್ಲಿ ನಿಂತಿದ್ದವರು. ಗದ್ದಲ ಕಿವಿಗೆ ಬಿದ್ದದ್ದೇ ಸಾಲು ಮುರಿದು ಬಂದಿದ್ದರು. ಓಟ ವಾರಕ್ಕೊಂದು ಸಿಗುತ್ತದೆ, ಇಂಥ ಜಗಳ ವರ್ಷಕ್ಕೊಂದು.

ಬೈಯುತ್ತಿದ್ದವನು ಮತರ್ ಬಿನ್ ಘಾನಿಮ್. ಹಿರಿಮಗ ಸೈಫ್‌ನ ಹೆಸರು ಹಿಡಿದು ಜನ ಅವನನ್ನು ಅಬೂ ಸೈಫ್ ಎನ್ನುತ್ತಿದ್ದರು. ಬೈಸಿಕೊಳ್ಳುತ್ತಿದ್ದವನು ಅವನ ಒಂಟೆಗಳನ್ನು ನೋಡಿಕೊಳ್ಳುವ ಓಹಾಜ್. ಸುಡಾನಿನ ಕಸ್ಸಲಾ ಕಡೆಯವನು, ಗುಡಾರದ ನಡುಗಂಬದಷ್ಟು ಉದ್ದ, ಅಷ್ಟೇ ತೆಳು. ಇಬ್ಬರ ನಡುವೆ ಹಮ್ಲೂಲ ಎಂಬ ನಾಲ್ಕು ವರ್ಷದ ಹೆಣ್ಣೊಂಟೆ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಮೆಲುಕು ಹಾಕುತ್ತ ನಿಂತಿದ್ದಳು.

ಓಟಕ್ಕೆ ಬರುವ ಪ್ರತಿ ಒಂಟೆಯ ಕತ್ತಿನ ಎಡಬದಿಯಲ್ಲಿ, ಚರ್ಮದ ಕೆಳಗೆ, ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಚಿಪ್ ಇರುತ್ತದೆ. ಅದರೊಳಗೆ ಹದಿನೈದು ಅಂಕಿಯ ಒಂದು ಸಂಖ್ಯೆ. ತಪಾಸಣೆ ಮಾಡುವ ಖಲ್ಫಾನ್ ಮೊಳದುದ್ದದ ಹಳದಿ ಕೋಲನ್ನು ಕತ್ತಿನ ಮೇಲೆ ಆಡಿಸಿದರೆ ಕೋಲು ಒಮ್ಮೆ ಕೂಗಿ ಆ ಸಂಖ್ಯೆಯನ್ನು ತೋರಿಸುತ್ತದೆ. ಅದು ಕಾಗದದ ಸಂಖ್ಯೆಗೆ ಹೊಂದಿದರೆ ಒಂಟೆ ಕಣಕ್ಕೆ, ಇಲ್ಲದಿದ್ದರೆ ಬದಿಗೆ.

ಅವತ್ತು ಹಮ್ಲೂಲಳ ಎಡಗತ್ತಿನ ಮೇಲೆ ಕೋಲು ಮೂರು ಸಲ ಹೋಗಿ ಬಂತು. ಕೂಗಲಿಲ್ಲ. ಬಲಗಡೆ ನೋಡಿದ, ಇಲ್ಲ. ಕೋಲೇ ಕೆಟ್ಟಿರಬೇಕೆಂದು ಖಲ್ಫಾನ್ ತನ್ನ ಬೀಗದ ಕೈಗೊಂಚಲಲ್ಲಿ ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಚಿಪ್ಪಿನ ಹತ್ತಿರ ಹಿಡಿದ. ಕೂಗಿತು. ಕೋಲು ಸರಿಯಾಗಿಯೇ ಇತ್ತು.

“ತಡಿ, ತಲೆ ಬಗ್ಗಿಸ್ತೀನಿ,” ಎಂದು ಓಹಾಜ್ ಎಡತೋಳನ್ನು ಅವಳ ಕತ್ತಿನ ಮೇಲೆ ಹಾಕಿ ಎಳೆದುಕೊಂಡ. ಕೋಲು ತೋಳಿನ ಪಕ್ಕ ಬಂದದ್ದೇ ಕೂಗಿತು. ಸಂಖ್ಯೆ ಕಾಗದದ ಸಂಖ್ಯೆಯೇ. ಮತರ್ ಅಲ್ಲಾಹನನ್ನು ನೆನೆದು ಉಸಿರು ಬಿಟ್ಟ.

ಖಲ್ಫಾನ್ ಮಾತ್ರ ಬಿಡುವ ಆಸಾಮಿಯಲ್ಲ. ಸಂಖ್ಯೆ ಒಂದೇ ಜಾಗದಲ್ಲಿ ಎರಡು ಸಲ ಬರಬೇಕು ಎನ್ನುವವನು. ಓಹಾಜ್ ತೋಳು ತೆಗೆದ, ಕೋಲು ಸುಮ್ಮನಾಯಿತು. ತೋಳು ಇಟ್ಟ, ಕೂಗಿತು. ಖಲ್ಫಾನ್ ಅವನನ್ನು ಒಂಟೆಯಿಂದ ಹತ್ತು ಹೆಜ್ಜೆ ದೂರ ಕರೆದುಕೊಂಡು ಹೋಗಿ ಬರೀ ತೋಳಿಗೆ ಕೋಲು ಹಿಡಿದ. ಕೂಗಿತು. ಕೋಲಿನ ಲೆಕ್ಕದಲ್ಲಿ ಓಹಾಜನೇ ಹಮ್ಲೂಲ.

“ಹಂಗಾದ್ರೆ ಇವನನ್ನೇ ಓಡ್ಸು ಮತರ್,” ಎಂದ ನೆರೆಯ ಬಿಡಾರದ ಸುಲಯ್ಯಿಮ್. “ಕಾಲೂ ಉದ್ದ ಇದೆ, ಮೇವೂ ಕಮ್ಮಿ.”

ಮೂವತ್ತೂ ಜನ ನಕ್ಕರು. ಮತರ್‌ಗೆ ರಕ್ತ ತಲೆಗೇರಿದ್ದು ಆ ನಗುವಿನಿಂದಲೇ.

ಈಗ ಅವನು ಓಹಾಜನ ಅಂಗಿಯ ತೋಳನ್ನು ಭುಜದವರೆಗೆ ಸರಿಸಿದ. ಮೊಣಕೈ ಮೇಲೆ ಚರ್ಮದ ಒಂದು ತಾಯತ ಬಿಗಿದಿತ್ತು. ಓಹಾಜನ ಕಡೆಯ ಗಂಡಸರು ತೋಳಿಗೆ ತಾಯತ ಕಟ್ಟುವುದು ಎಲ್ಲರಿಗೂ ಗೊತ್ತು. ಹಾಗಾಗಿ ಅದನ್ನು ಯಾರೂ ಗಮನಿಸಲು ಹೋಗಿರಲಿಲ್ಲ.

“ಇದರೊಳಗೆ ಏನಿದೆ?”

“ನಂಗೊತ್ತಿಲ್ಲ. ಅಮ್ಮ ಕಟ್ಟಿದ್ದು.”

“ಯಾವ ಅಮ್ಮ? ಕಸ್ಸಲಾದಿಂದ ನಿಮ್ಮಮ್ಮ ಬಂದು ಕಟ್ಟಿದ್ಲಾ?”

“ನಿಮ್ಮಮ್ಮ. ಮೌಝಾ ಅಮ್ಮ.”

ಏಟು ಕೆನ್ನೆಗೆ ಬಿತ್ತು. ಗಂಡಸರ ನಡುವೆ ಇನ್ನೊಬ್ಬನ ತಾಯಿಯ ಹೆಸರೆತ್ತಿದರೆ ಏಟು ಬೀಳುವುದು ಆ ಸೀಮೆಯಲ್ಲಿ ಹೊಸದಲ್ಲ. ಅದು ಓಹಾಜನಿಗೂ ಗೊತ್ತಿತ್ತು. ಆದರೆ ಕೇಳಿದ ಮಾತಿಗೆ ಅವನ ಹತ್ತಿರ ಬೇರೆ ಉತ್ತರ ಇರಲಿಲ್ಲ.

ಮತರ್ ಸೊಂಟದ ಚಾಕು ತೆಗೆದು ತಾಯತದ ದಾರ ಕತ್ತರಿಸಿದ. ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಕೆಂಪು ಮೇಕೆ ಚರ್ಮ. ಜೋಡಿ ದಾರದ ಹೊಲಿಗೆ, ನಾಲ್ಕು ಹೊಲಿಗೆಗೊಮ್ಮೆ ಹಿಂದಕ್ಕೆ ಸುತ್ತಿದ ಗಂಟು. ಅವನು ಹುಟ್ಟಿದಾಗ ಮಲಗಿಸಿದ ಚರ್ಮದ ತೊಟ್ಟಿಲಿನಲ್ಲಿ ಇದ್ದದ್ದು ಅದೇ ಹೊಲಿಗೆ. ಹಾಲಿನ ಚೀಲದಲ್ಲಿ, ಅಪ್ಪನ ಸೊಂಟಪಟ್ಟಿಯಲ್ಲಿ, ಈಗ ಅವನ ಕೈಯಲ್ಲಿದ್ದ ಚಾಕುವಿನ ಒರೆಯಲ್ಲಿ ಇದ್ದದ್ದೂ ಅದೇ. ಇಡೀ ಮರಳುಗಾಡಿನಲ್ಲಿ ಆ ಗಂಟು ಹಾಕುವ ಕೈ ಒಂದೇ.

ಅವನಿಗೆ ಗೊತ್ತಾಯಿತು, ಅಲ್ಲೇ, ಆ ಕ್ಷಣವೇ.

ಆದರೆ ಏಟು ಬಿದ್ದಾಗಿತ್ತು. ಮೂವತ್ತು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಸುಲಯ್ಯಿಮ್ ಎಲ್ಲರಿಗಿಂತ ಮುಂದೆ. ಮತರ್ ಚಾಕುವಿನ ಮೊನೆಯನ್ನು ಹೊಲಿಗೆಗೆ ಒತ್ತಿ ಸರ್‍ರೆಂದು ಎಳೆದ. ಅಂಗೈ ಮೇಲೆ ಗಾಜಿನ ಚಿಪ್ ಬಿತ್ತು. ಬಿಸಿಲಿಗೆ ಹಿಡಿದರೆ ಒಳಗೆ ಕೂದಲಿಗಿಂತ ತೆಳ್ಳನೆಯ ತಾಮ್ರದ ತಂತಿಯ ಸುರುಳಿ ಕಾಣುತ್ತಿತ್ತು.

“ಕಳ್ಳ,” ಎಂದ.

“ನಾನು ಹೇಳಲಿಲ್ವಾ,” ಎಂದ ಸುಲಯ್ಯಿಮ್. ಅವನು ಏನನ್ನೂ ಹೇಳಿರಲಿಲ್ಲ. “ಒಳ್ಳೆ ತಳಿ ಒಂಟೆದು ಕಿತ್ತು ಕಂತ್ರಿ ಒಂಟೆಗೆ ಚುಚ್ಚಿ ಗಡಿ ದಾಟಿಸ್ತಾರಂತೆ. ತಳಿಯೆಲ್ಲ ಇದರಲ್ಲೇ ಅಲ್ವಾ ಈಗ.”

ಖಲ್ಫಾನ್ ಹಮ್ಲೂಲಳ ಕತ್ತಿನ ಮೇಲೆ ಬೆರಳಾಡಿಸುತ್ತಿದ್ದ. ಎಡಬದಿಯಲ್ಲಿ ಕೂದಲಿಲ್ಲದ ಮೂರು ಗೆರೆಗಳಿದ್ದವು. “ಈ ಬರೆ ಯಾವಾಗ ಹಾಕಿದ್ದು ಅಬೂ ಸೈಫ್?”

“ಈ ಚಳಿಗಾಲದಲ್ಲಿ. ಗಡ್ಡೆ ಆಗಿತ್ತು, ಆಮೇಲೆ ಇವತ್ತೇ ಕಣಕ್ಕೆ ತಂದಿದ್ದು. ಯಾಕೆ?”

“ಎಡಗಡೆಗೇ ಹಾಕಿದ್ದೀರ.”

“ಗಡ್ಡೆ ಎಡಗಡೆ ಇದ್ರೆ ಬರೆ ಬಲಗಡೆ ಹಾಕ್ತಾರೇನೋ?”

ಜನ ಮತ್ತೆ ನಕ್ಕರು. ಈ ಸಲ ನಗು ಮತರ್‌ನ ಕಡೆಗಿತ್ತು. ಖಲ್ಫಾನ್ ಇನ್ನೇನೋ ಹೇಳಬೇಕೆಂದವನು ಸುಮ್ಮನಾದ. ಪೊಲೀಸ್ ಜೀಪು ಬಂತು. ಓಹಾಜ್ ಹಮ್ಲೂಲಳ ಹಗ್ಗವನ್ನು ಬೇಲಿಗೆ ಕಟ್ಟಿ, ಗಂಟು ಸರಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿ, ಹೋಗಿ ಜೀಪಿನಲ್ಲಿ ಕೂತ.

*

ಬಿಡಾರದಲ್ಲಿ ಬನ್ನಿ ಮರದ ಕೆಳಗೆ ಮೌಝಾ ಕೂತಿದ್ದಳು. ಎಂಬತ್ತು ದಾಟಿದ ಜೀವ. ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಬೆರಳು, ಕಿವಿ, ನಾಲಿಗೆ ಮೂರೂ ಹರಿತವಾಗಿದ್ದವು.

“ಓಹಾಜ್ ಎಲ್ಲೋ?”

“ಪೇಟೆಗೆ ಹೋಗಿದ್ದಾನೆ.”

“ನಿನ್ನೇನೂ ಪೇಟೆ ಅಂದೆ. ಎರಡು ದಿನ ಪೇಟೇಲಿ ಏನು ಮಾಡ್ತಾನೆ, ಮದುವೆ ಗಿದುವೆ ಆದ್ನಾ?”

“ಬರ್ತಾನೆ ಬಿಡಮ್ಮ.”

“ಇವತ್ತು ಹಾಲು ಕರೆದವರು ಯಾರು?”

“ನಾನೇ.”

“ಅದಕ್ಕೇ. ಅರ್ಧ ನೆಲ ಕುಡಿದಿದೆ.”

ಮತರ್ ಕೊಟ್ಟಿಗೆಯ ಕಡೆ ಹೋದ. ಹಮ್ಲೂಲ ಎರಡು ದಿನದಿಂದ ಅರ್ಧ ಮೇವು ಬಿಡುತ್ತಿದ್ದಳು. ಓಹಾಜ್ ಖರ್ಜೂರದ ಬೀಜ ತೆಗೆದು ಬಾಯಿಗೆ ಇಡುತ್ತಿದ್ದ. ಮತರ್ ಬೀಜದ ಸಮೇತ ಇಟ್ಟ, ಅವಳು ಉಗಿದಳು. ಬಿಡಾರದ ಸುತ್ತ ಮರಳಿನಲ್ಲಿ ಓಹಾಜನ ಹೆಜ್ಜೆಗಳು ಇನ್ನೂ ಇದ್ದವು. ಯಾವುದೋ ಒಂಟೆ ಒದ್ದಿದ್ದರಿಂದ ಅವನ ಬಲಪಾದ ಸ್ವಲ್ಪ ಹೊರಕ್ಕೆ ತಿರುಗಿತ್ತು. ಮತರ್ ನೆಲ ನೋಡದೆ ಓಡಾಡಲು ಕಲಿತುಕೊಳ್ಳುತ್ತಿದ್ದ. ಹೆಜ್ಜೆ ನೋಡಿ ಒಂಟೆ ಬಸುರೋ ಬಂಜೆಯೋ ಹೇಳುತ್ತಿದ್ದ ಘಾನಿಮ್‌ನ ಮಗನಿಗೆ ಅದು ಸುಲಭದ ಕೆಲಸವಲ್ಲ.

ಮೂರನೆಯ ದಿನ ಬೆಳಿಗ್ಗೆ ಖಲ್ಫಾನ್ ಬಂದ. ಚಿಪ್ ಇಲ್ಲದ ಒಂಟೆಯನ್ನು ಓಡಿಸುವ ಹಾಗಿಲ್ಲ. ಹೊಸದು ಹಾಕಬೇಕಾದರೆ ಮೊದಲು ಇದು ಹಮ್ಲೂಲಳೇ ಹೌದೆಂದು ಸಾಬೀತಾಗಬೇಕು. ಅದಕ್ಕೆ ಬುಡಸಮೇತ ಕೂದಲು ಕಿತ್ತು, ಅವಳ ತಾಯಿಯ ಕೂದಲ ಜೊತೆ ಹೊಂದಿಸಿ ನೋಡುತ್ತಾರೆ. ಖಲ್ಫಾನ್ ಕೂದಲನ್ನು ಲಕೋಟೆಗೆ ಹಾಕಿ ಹೆಸರು ಬರೆದ. ಆಮೇಲೆ ಖಾವಾ ಕಾಫಿಯ ಬಟ್ಟಲು ಹಿಡಿದು ಮತರ್‌ನ ಎದುರು ಕೂತ.

“ಅವತ್ತು ಜನದ ಮುಂದೆ ಬೇಡ ಅಂತ ಸುಮ್ಮನಿದ್ದೆ. ಆ ಚಿಪ್ಪನ್ನ ಚಾಕುವಿನಲ್ಲಿ ತೆಗೆದಿಲ್ಲ.”

“ನಿನಗೇನು ಕನಸು ಬಿತ್ತಾ?”

“ಚಾಕು ಹಾಕಿದ್ರೆ ಚಾಕುವಿನ ಗಾಯ ಇರಬೇಕಲ್ಲ. ಕತ್ತಲ್ಲಿ ನಿಮ್ಮ ಮೂರು ಬರೆ ಬಿಟ್ರೆ ಇನ್ನೊಂದು ಗಾಯ ಇಲ್ಲ. ನಡುವಿನ ಬರೆ ಸರಿಯಾಗಿ ಚಿಪ್ ಇದ್ದ ಜಾಗದ ಮೇಲೇ ಬಿದ್ದಿದೆ.”

“ಬರೆ ಚರ್ಮದ ಮೇಲಿರುತ್ತೆ. ಅದು ಒಳಗಿರುತ್ತೆ.”

“ನಿಮ್ಮ ಬರೆ ಚರ್ಮದ ಮೇಲೆ ನಿಲ್ಲುತ್ತಾ? ನಿಮ್ಮಪ್ಪನ ಕೈ ನಿಮ್ಮದು. ಕೆಂಡದಂಥ ಕಬ್ಬಿಣ ಇಟ್ರೆ ಕೆಳಗಿನ ಮಾಂಸ ಸಾಯುತ್ತೆ. ಸತ್ತ ಮಾಂಸನ ಮೈ ಇಟ್ಕೊಳ್ಳಲ್ಲ, ಹೊರಗೆ ತಳ್ಳುತ್ತೆ. ಹಕ್ಕಳೆ ಉದುರಿದಾಗ ಇದೂ ಉದುರಿದೆ. ಗಾಜಿನ ತುದಿಗೆ ಇನ್ನೂ ಸುಟ್ಟ ಕಂದು ಅಂಟಿದೆ.”

“ಸುಟ್ಟಿದ್ರೆ ಮತ್ತೆ ಹೆಂಗೆ ಕೂಗ್ತು? ಬ್ಯಾಟರಿ ಸಾಯಬೇಕಿತ್ತಲ್ಲ.”

“ಅದಕ್ಕೆ ಬ್ಯಾಟರಿನೇ ಇಲ್ಲ ಅಬೂ ಸೈಫ್.” ಖಲ್ಫಾನ್ ಕೋಲನ್ನು ಚಾಪೆಯ ಮೇಲಿಟ್ಟ. “ಬ್ಯಾಟರಿ ಇರೋದು ಇದರಲ್ಲಿ. ಇದರ ಹೊಟ್ಟೇಲಿ ತಂತಿ ಸುರುಳಿ ಇದೆ, ಚಿಪ್ಪಲ್ಲೂ ಚಿಕ್ಕ ಸುರುಳಿ ಇದೆ. ಗುಂಡಿ ಒತ್ತಿದ್ರೆ ಇದರಿಂದ ಶಕ್ತಿ ಗಾಳಿಗೆ ಹೊರಡುತ್ತೆ. ಕಣ್ಣಿಗೆ ಕಾಣಲ್ಲ, ಚರ್ಮ, ಮಾಂಸ, ತಾಯತದ ತೊಗಲು ಎಲ್ಲ ದಾಟುತ್ತೆ. ಚಿಪ್ಪಿನ ಸುರುಳಿ ಅಷ್ಟನ್ನೇ ಕುಡಿದು ಎಚ್ಚರ ಆಗಿ, ತನ್ನ ಸಂಖ್ಯೆ ಹೇಳಿ, ಕೋಲು ದೂರ ಹೋದ್ರೆ ಮತ್ತೆ ಸಾಯುತ್ತೆ. ನೀವು ಕಣಿವೇಲಿ ಕೂಗಿದ್ರೆ ಬಂಡೆ ಮಾತಾಡುತ್ತಲ್ಲ, ಹಾಗೆ. ನೀವು ಕೂಗದೇ ಇದ್ರೆ ಬಂಡೆ ನೂರು ವರ್ಷ ಸುಮ್ಮನಿರುತ್ತೆ.”

“ಬಂಡೆ ನಾನು ಹೇಳಿದ್ದನ್ನೇ ಹೇಳುತ್ತೆ.”

“ಇದು ಒಂದೇ ಮಾತು ಹೇಳುತ್ತೆ. ಮೊದಲು ಐದು, ಒಂದು, ಎರಡು, ಅಂದ್ರೆ ನಮ್ಮ ದೇಶ. ಆಮೇಲೆ ಇನ್ನು ಹನ್ನೆರಡು ಅಂಕಿ. ಮುಗೀತು. ಯಾರ ಮೈಯಲ್ಲಿದ್ದೀನಿ, ಹೆಂಗೆ ಬಂದೆ, ಯಾರು ತಂದ್ರು, ಯಾವುದೂ ಅದಕ್ಕೆ ಗೊತ್ತಿಲ್ಲ. ಒಂಟೆ ಕತ್ತಲ್ಲಿದ್ರೂ ಅದೇ, ಮನುಷ್ಯನ ತೋಳಲ್ಲಿದ್ರೂ ಅದೇ. ಅವತ್ತು ಕೋಲು ಕಳ್ಳ ಅನ್ನಲಿಲ್ಲ. ಅದನ್ನ ಅಂದವರು ನೀವು.”

“ನಿನ್ನ ಕೂದಲು ಕೀಳೋ ಕೆಲಸ ಮುಗೀತಾ?”

“ಮುಗೀತು.”

“ಹಂಗಾದ್ರೆ ದಾರಿ ನೋಡ್ಕೋ.”

ಖಲ್ಫಾನ್ ಬಟ್ಟಲನ್ನು ಅಲ್ಲಾಡಿಸಿ ಸಾಕೆಂದು ಇಟ್ಟು ಎದ್ದ. ಅವನ ಗಾಡಿಯ ಸದ್ದು ದೂರವಾಗುವವರೆಗೆ ಮೌಝಾ ಬನ್ನಿ ಮರದ ಕೆಳಗೆ ಕಿವಿಗೊಟ್ಟು ಕೂತಿದ್ದಳು.

“ಬಾ ಇಲ್ಲಿ,” ಎಂದಳು ಆಮೇಲೆ.

ಅವನು ಹೋಗಿ ಕೂತ.

“ಆ ಹುಡುಗ ಏನೋ ಗಾಜಿನ ಕಾಳು ಅಂತಿದ್ನಲ್ಲ, ಎಷ್ಟು ದೊಡ್ಡದು?”

“ಅಕ್ಕಿಕಾಳಿನಷ್ಟು.”

“ನಂಗೆ ಸಿಕ್ಕಿದ್ದೂ ಅಷ್ಟೇ ಇತ್ತು.” ಅವಳು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದಳು, ಈಗಲೂ ಅದು ಅಲ್ಲೇ ಇದೆಯೆಂಬಂತೆ. “ಬರೆಗೆ ತುಪ್ಪ ಸವರ್ತಿದ್ದೆ. ಹಕ್ಕಳೆ ಕಿತ್ತು ಬಂತು, ಅದರ ಜೊತೆ ಇದೂ ಬಂತು. ನುಣ್ಣಗೆ, ತಣ್ಣಗೆ. ನಮ್ಮಜ್ಜಿ ಹೇಳೋಳು, ಸಾಯೋ ಪ್ರಾಣಿ ಬದುಕಿಕೊಂಡ್ರೆ ಅದರ ಮೈಯಿಂದ ಕಲ್ಲು ಹೊರಡುತ್ತೆ, ಅದನ್ನ ಕಟ್ಕೊಂಡವರನ್ನ ಹಾವು ಚೇಳು ಮುಟ್ಟಲ್ಲ ಅಂತ. ಹದಿಮೂರು ರಾತ್ರಿ ಆ ಒಂಟೆ ತಲೆ ತೊಡೆ ಮೇಲಿಟ್ಕೊಂಡು ಕೂತವನು ಯಾರು? ನೀನಾ? ಮರಳಲ್ಲಿ ಮಲಗೋನು ಯಾರು? ಅವನಿಗೆ ಕಟ್ಟಿದೆ.”

“ನಂಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಬಿಡ್ತಿದ್ಯಾ? ತಾಯತ ಕಟ್ಟೋದು ಪಾಪ ಅಂತ ಅದ್ಯಾವನೋ ಉಪದೇಶ ಕೇಳ್ಕೊಂಡು ಬಂದು, ನನ್ನ ಕತ್ತಲ್ಲಿ ಎಪ್ಪತ್ತು ವರ್ಷ ಇದ್ದದ್ದನ್ನೇ ಕಿತ್ತು ಬಾವಿಗೆ ಹಾಕಿದವನು ನೀನು.” ಅವಳು ಕೈ ಚಾಚಿದಳು. “ಕೊಡಿಲ್ಲಿ.”

“ಏನು?”

“ಅವನಿಗೆ ಕಟ್ಟಿದ್ದು. ನಿನ್ನ ಹತ್ತಿರ ಇದೆ. ಮೂರು ದಿನದಿಂದ ಎಡಜೇಬು ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದೀಯ, ಬಟ್ಟೆ ಸದ್ದು ಕೇಳ್ತಿದೆ ನಂಗೆ.”

ಗಾಜಿನ ಚಿಪ್ ಠಾಣೆಯಲ್ಲಿತ್ತು. ಖಾಲಿ ಚರ್ಮ ಮಾತ್ರ ಅವನ ಜೇಬಿನಲ್ಲಿ ಉಳಿದಿತ್ತು. ಕೊಟ್ಟ. ಮೌಝಾ ಅಂಚಿನ ಉದ್ದಕ್ಕೂ ಬೆರಳಾಡಿಸಿದಳು. ಎಲ್ಲಿ ಹೊಲಿಗೆ ನಿಂತು ಕೊಯ್ತ ಶುರುವಾಗುತ್ತದೋ ಅಲ್ಲಿ ಬೆರಳು ನಿಂತಿತು.

“ಬಿಚ್ಚಿಲ್ಲ. ಕುಯ್ದಿದ್ದೀಯ.”

ಅವಳು ಉಳಿದ ಹೊಲಿಗೆಯ ಮೇಲೆ ಉಗುರು ಎಳೆದಳು.

“ನಾನು ಕುರುಡಿ, ಮುಟ್ಟಿದ್ರೆ ಗೊತ್ತಾಗುತ್ತೆ ಇದು ಯಾರ ಕೈ ಅಂತ. ಎರಡು ಕಣ್ಣಿದ್ದೋನು, ನಿಂಗೆ ನೋಡಿದ್ರೆ ಗೊತ್ತಾಗಲಿಲ್ವಾ?”

ಮತರ್ ಬಾಯಿ ತೆರೆದು ಮುಚ್ಚಿದ. ಮುಚ್ಚಿದ ಬಾಯಿಯೂ ಅವಳಿಗೆ ಕೇಳಿಸಿತು.

“ಗೊತ್ತಿತ್ತು ನಿಂಗೆ,” ಎಂದಳು. ಬೈಗುಳದ ಸ್ವರವೂ ಇರಲಿಲ್ಲ. ಪಕ್ಕದಲ್ಲಿದ್ದ ಹಾಲಿನ ಬಟ್ಟಲನ್ನು ತಡಕಿ ಅವನ ಕಡೆಗೆ ತಳ್ಳಿದಳು. “ತಗೊಂಡು ಹೋಗು. ಅವನ ಕೈಯಿಂದ ಬರೋವರೆಗೆ ನಂಗೆ ಹಾಲು ಬೇಡ.”

*

ಠಾಣೆಯ ಅಧಿಕಾರಿ ವಯಸ್ಸಿನಲ್ಲಿ ಮತರ್‌ನ ಮಗನಷ್ಟಿದ್ದ. ಎರಡು ಕಾಗದ ಮುಂದಿಟ್ಟ.

“ಚಿಕ್ಕಪ್ಪ, ಕಳವು ಆಗೇ ಇಲ್ಲ, ನನ್ನ ತಪ್ಪು ತಿಳುವಳಿಕೆ ಅಂದ್ರೆ ಇದು. ಏನಾಯ್ತು ಅಂತ ನೀವೇ ಹೇಳಿ ಬರೆಸಬೇಕು, ಹೊಡೆದದ್ದೂ ಸೇರಿ. ಕಳವು ಆಗಿದೆ, ಆದ್ರೆ ನಾನು ಕ್ಷಮಿಸಿ ಬಿಟ್ಟಿದ್ದೀನಿ ಅಂದ್ರೆ ಇದು. ಕೆಳಗೆ ಒಂದು ಸಹಿ.”

ಮೊದಲನೆಯ ಕಾಗದದಲ್ಲಿ ಬರೆಯಲು ಹನ್ನೆರಡು ಖಾಲಿ ಗೆರೆಗಳಿದ್ದವು. ಮತರ್ ಆ ಗೆರೆಗಳನ್ನು ಎಣಿಸಿದ. ನನ್ನ ಬರೆ. ನನ್ನ ತಾಯಿಯ ತಾಯತ. ಹೊಲಿಗೆ ನೋಡಿದೆ, ಗುರುತು ಹಿಡಿದೆ, ಆದರೂ ಕುಯ್ದೆ. ಇದನ್ನೆಲ್ಲ ಈ ಹುಡುಗ ಬರೆದುಕೊಳ್ಳುತ್ತಾನೆ. ಸಂಜೆಯೊಳಗೆ ಇದು ಸುಲಯ್ಯಿಮ್‌ನ ಬಾಯಿಗೆ ಹೋಗುತ್ತದೆ.

ಅವನು ಎರಡನೆಯ ಕಾಗದಕ್ಕೆ ಸಹಿ ಹಾಕಿದ.

ಇಬ್ಬರೂ ಗಾಡಿಯಲ್ಲಿ ಬಿಡಾರಕ್ಕೆ ಹೊರಟರು. ಓಹಾಜನ ಕೆನ್ನೆಯ ಊತ ಇಳಿದಿತ್ತು. ತೋಳಿನಲ್ಲಿ ತಾಯತ ಇದ್ದ ಜಾಗ ಬಳೆಯಂತೆ ತಿಳಿಯಾಗಿ ಕಾಣುತ್ತಿತ್ತು.

“ಹಮ್ಲೂಲ ತಿಂತಿದ್ದಾಳಾ?” ಎಂದ ಓಹಾಜ್.

“ಇಲ್ಲ. ಹೆತ್ತ ಮಗಳಿಗೆ ಮಾಡಿದಷ್ಟು ಮುದ್ದು ಮಾಡಿಟ್ಟಿದ್ದೀಯ, ಬೀಜ ಇದ್ರೆ ಉಗೀತಾಳೆ.”

ಓಹಾಜ್ ನಗಲಿಲ್ಲ. “ಅಲ್ಲಿ ಏನು ಬರೆದಿರಿ?”

“ಬಿಡುಗಡೆಗೆ ಏನು ಬೇಕೋ ಅದು.”

“ನಂಗೆ ಓದಿ ಹೇಳಿದ್ರು ಅಬೂ ಸೈಫ್. ಕ್ಷಮಿಸಿದ್ದಾರೆ ಅಂತ ಇದೆ. ನೀವು ಕ್ಷಮಿಸೋದಕ್ಕೆ ನಾನು ಏನು ಮಾಡಿದ್ದೆ?”

“ಹೊರಗೆ ಬಂದೆ ತಾನೇ? ಊರಿಗೆ ಅಟ್ಟಿದ್ರೆ ಎಲ್ಲಿಗೆ ಹೋಗ್ತಿದ್ದೆ, ಗುಂಡು ಹಾರೋ ಕಡೆಗಾ?”

“ಹೋಗ್ತಿದ್ದೆ. ಅಲ್ಲಿ ಯಾರೂ ನನ್ನನ್ನ ಕಳ್ಳ ಅನ್ನಲ್ಲ.”

ಮತರ್ ಗೇರ್ ಬದಲಿಸಿದ, ಬದಲಿಸುವ ಅಗತ್ಯವಿಲ್ಲದ ಕಡೆ.

“ಒಂದೇ ಕೇಳ್ತೀನಿ,” ಎಂದ ಓಹಾಜ್. “ಕಾಗದ ನಂಗೆ ಬೇಡ, ಓದೋಕೂ ಬರಲ್ಲ. ಹೊಸ ಚಿಪ್ ಹಾಕಿಸೋಕೆ ಕಣಕ್ಕೆ ಹೋಗ್ತೀರಲ್ಲ, ಅವತ್ತು ಆ ಜನ ಇರ್ತಾರೆ. ಅವರ ಮುಂದೆ ಒಂದು ಮಾತು ಹೇಳಿ. ಇವನು ಕದ್ದಿಲ್ಲ ಅಂತ. ನಿಮ್ಮಮ್ಮನ ಹೆಸರು ಎತ್ತೋದು ಬೇಡ, ಬರೆ ವಿಷಯ ಬೇಡ. ಕದ್ದಿಲ್ಲ, ಅಷ್ಟೇ. ಹೇಳ್ತೀರಾ?”

“ಹೇಳ್ತೀನಿ.”

“ಹೇಳಿದ್ರೆ ಇರ್ತೀನಿ.”

“ಹೇಳ್ತೀನಿ ಅಂದ್ನಲ್ಲೋ. ಎಷ್ಟು ಸಲ ಹೇಳಿಸ್ತೀಯ?”

ಬಿಡಾರದಲ್ಲಿ ಮೌಝಾ ಹಾಲು ಕುಡಿದಳು. ಹಮ್ಲೂಲ ಖರ್ಜೂರ ತಿಂದಳು. ಎರಡು ವಾರ ಎಲ್ಲ ಮೊದಲಿನಂತೆಯೇ ಇತ್ತು. ಓಹಾಜ್ ಬೆಳಗಿನ ಜಾವ ಎದ್ದು ಒಂಟೆಗಳನ್ನು ನಡೆಸಿಕೊಂಡು ಹೋಗುತ್ತಿದ್ದ, ಬರುತ್ತಿದ್ದ. ಆದರೆ ತೋಳಿಗೆ ಏನನ್ನೂ ಕಟ್ಟಿಕೊಳ್ಳಲಿಲ್ಲ. ಮೌಝಾ ಹೊಸ ಚರ್ಮ ಕತ್ತರಿಸಿದಾಗ, “ಆಮೇಲೆ ಅಮ್ಮ, ಆ ದಿನ ಕಳೀಲಿ,” ಎಂದ.

*

ಕೂದಲು ಹೊಂದಿತು. ಹಮ್ಲೂಲ ಹಮ್ಲೂಲಳೇ ಎಂದು ಕಾಗದ ಬಂತು.

ಕಣದ ಬೇಲಿಯೊಳಗೆ ಅವತ್ತೂ ಜನ ಇದ್ದರು, ಹೆಚ್ಚುಕಡಿಮೆ ಅವೇ ಮುಖಗಳು. ಖಲ್ಫಾನ್ ಮೊದಲು ಅವಳ ಕತ್ತಿನ ಎರಡೂ ಬದಿಗೆ ಕೋಲು ಆಡಿಸಿದ, ಒಳಗೆ ಬೇರೆ ಯಾವುದೂ ಇಲ್ಲ ಎಂದು ಖಾತ್ರಿಗೆ. ಎರಡು ಚಿಪ್ ಹತ್ತಿರ ಹತ್ತಿರ ಇದ್ದರೆ ಎರಡೂ ಒಟ್ಟಿಗೆ ಮಾತಾಡಿ ಕೋಲಿಗೆ ಒಂದರ ಮಾತೂ ತಿಳಿಯುವುದಿಲ್ಲ. ಆಮೇಲೆ ಪೊಟ್ಟಣದಲ್ಲಿದ್ದ ಹೊಸ ಚಿಪ್ಪಿಗೆ ಕೋಲು ಹಿಡಿದು ಸಂಖ್ಯೆ ಬರೆದುಕೊಂಡ. ದಬ್ಬಣದಂಥ ಸೂಜಿ ಹೊರಬಂತು. ಓಹಾಜ್ ಅವಳ ತಲೆ ತಗ್ಗಿಸಿ, ಹಗ್ಗ ಮೋಟು ಮಾಡಿ ಹಿಡಿದು, ಕಿವಿಯ ಹತ್ತಿರ ಏನೋ ಗುನುಗುತ್ತಿದ್ದ.

“ಖಲ್ಫಾನ್, ಈ ಸಲ ಸುಡಾನಿ ತೋಳಿಗೇ ಚುಚ್ಚಿಬಿಡು,” ಎಂದ ಸುಲಯ್ಯಿಮ್. “ಎಲ್ಲಿಗೆ ಓಡಿದ್ರೂ ಗೊತ್ತಾಗುತ್ತೆ.”

“ಗೊತ್ತಾಗಲ್ಲ,” ಎಂದ ಖಲ್ಫಾನ್ ತಲೆ ಎತ್ತದೆ. “ಕಳೆದುಹೋದವರನ್ನ ಹುಡುಕೋ ಯಂತ್ರ ಅಲ್ಲ ಇದು. ಅಂಗೈಯಷ್ಟು ಹತ್ತಿರ ಇದ್ರೆ ಮಾತ್ರ ಓದುತ್ತೆ. ಹತ್ತಿರ ಇದ್ದವರನ್ನ ಹುಡುಕೋ ಅಗತ್ಯ ಏನಿದೆ?” ಅವನು ನಮೂನೆಯ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡ. “ಅಬೂ ಸೈಫ್, ಇಲ್ಲೊಂದು ಗೆರೆ ಇದೆ. ಹಳೆಯ ಚಿಪ್ ಹೋಗಲು ಕಾರಣ. ಏನು ಬರೀಲಿ?”

ಗುನುಗು ನಿಂತಿತು. ಓಹಾಜ್ ಒಂಟೆಯ ಕತ್ತಿನ ಆಚೆಯಿಂದ ಮತರ್‌ನನ್ನು ನೋಡಿದ. ಬೇಡುವ ನೋಟವಲ್ಲ, ಬೆದರಿಸುವ ನೋಟವೂ ಅಲ್ಲ. ಬಾವಿಗೆ ಕೊಡ ಬಿಟ್ಟವನು ಮುಳುಗುವ ಸದ್ದಿಗೆ ಕಾಯುವ ಹಾಗೆ ಕಾದ.

“ಬರಿ,” ಎಂದ ಮತರ್. “ಹೋಯ್ತು ಅಂತ ಬರಿ.”

“ಹೋಯ್ತು ಅಂದ್ರೆ?”

“ಕಳೆದುಹೋಯ್ತು.”

“ಕಳೆದುಹೋಯ್ತಾ, ಕಳುವಾಯ್ತಾ?” ಸುಲಯ್ಯಿಮ್ ಬೇಲಿಗೆ ಒರಗಿದ್ದವನು ನೆಟ್ಟಗಾದ. “ನಾವೆಲ್ಲ ಕಣ್ಣಾರೆ ಕಂಡಿದ್ದೀವಲ್ಲ. ಇಲ್ಲ ನಾವು ಕಂಡಿದ್ದು ಸುಳ್ಳಾ ಮತರ್? ಸುಮ್ಸುಮ್ನೆ ಹೊಡೆದ್ಯಾ ಪಾಪದವನಿಗೆ?”

ಯಾರೋ ಕಿಸಕ್ಕೆಂದರು. ಒಂದು ಮಾತು ಸಾಕಿತ್ತು. ಎರಡೇ ಪದ. ಅದು ಮತರ್‌ನ ನಾಲಿಗೆಯ ತುದಿಯವರೆಗೆ ಬಂದಿತ್ತು, ಅದರ ರುಚಿಯೂ ಅವನಿಗೆ ತಿಳಿಯಿತು. ಆ ಮಾತಿನ ಹಿಂದೆಯೇ ಸುಲಯ್ಯಿಮ್‌ನ ಮುಂದಿನ ಪ್ರಶ್ನೆಯೂ ಕಾಣಿಸಿತು, ಅದರ ಹಿಂದೆ ಅದರ ಮುಂದಿನದು.

“ಆಗಿದ್ದು ಆಯ್ತು,” ಎಂದ. “ನಾನು ಕ್ಷಮಿಸಿದ್ದೀನಿ. ಅದನ್ನ ಎಷ್ಟು ದಿನ ಅಗೀತೀರಿ?”

“ಆಹಾ, ದೊಡ್ಡ ಮನಸ್ಸು,” ಎಂದಿತು ಒಂದು ದನಿ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇನ್ನಿಬ್ಬರು ಹೌದೆಂದು ತಲೆಯಾಡಿಸಿದರು.

ಖಲ್ಫಾನ್ ಕಾಗದದಲ್ಲಿ ಏನೋ ಗೀಚಿ ಸೂಜಿಯನ್ನು ಕತ್ತಿನ ಬಲಬದಿಗೆ, ಬರೆಯಿಲ್ಲದ ಕಡೆಗೆ, ಒತ್ತಿದ. ಹಮ್ಲೂಲ ಅರಚಿ ಹಿಂದೆ ಸರಿದಳು.

ಓಹಾಜ್ ಅವಳನ್ನು ಬಲವಾಗಿ ಹಿಡಿದು ನಿಲ್ಲಿಸಿದ. ನಿಂತ ಮೇಲೆ ಮತರ್‌ನ ಬಲಗೈಯನ್ನು ಎತ್ತಿಕೊಂಡು ಅದರಲ್ಲಿ ಹಗ್ಗ ಇಟ್ಟ, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದ. ಎಳೆಗರುವಿನ ಬಾಯಿಗೆ ಮೊಲೆ ಕೊಡುವಾಗ ಮಾಡುವಷ್ಟೇ ನಿಧಾನವಾಗಿ. ಹೆಗಲ ಮೇಲಿದ್ದ, ಒಂಟೆ ಅಟ್ಟುವ ಬೆತ್ತವನ್ನು ಬೇಲಿಗೆ ಒರಗಿಸಿದ. ಗೇಟಿನ ಕಡೆ ನಡೆದ.

“ಎಲ್ಲಿಗೋ?” ಎಂದ ಮತರ್.

ಓಹಾಜ್ ತಿರುಗಲಿಲ್ಲ.

“ಓಹಾಜ್. ಎಲ್ಲಿಗೆ ಅಂದೆ.”

“ಹಗ್ಗ ಬಿಡಬೇಡಿ ಅಬೂ ಸೈಫ್,” ಎಂದ ಖಲ್ಫಾನ್. “ಸೂಜಿ ಒಳಗಿದೆ.”

ಮತರ್ ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ. ಹಮ್ಲೂಲ ಕತ್ತು ತಿರುಗಿಸಿ ಗೇಟಿನ ಕಡೆಗೆ ಎಳೆಯುತ್ತಿದ್ದಳು. ಅವನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಅವಳ ತೂಕಕ್ಕೆ ಎದುರು ನಿಂತ. ಸೂಜಿ ಹೊರಬಂತು. ಖಲ್ಫಾನ್ ರಕ್ತದ ಹನಿ ಒರೆಸಿ, ಕೋಲು ಹಿಡಿದ. ಕೂಗಿತು. ಐದು, ಒಂದು, ಎರಡು ಎಂದು ಶುರುವಾಗುವ ಹೊಸ ಸಂಖ್ಯೆ. ಎರಡನೆಯ ಸಲ ಹಿಡಿದ. ಕೂಗಿತು.

“ಆಯ್ತು,” ಎಂದ.

ಮತರ್ ಒಂಟೆಯನ್ನು ಬೇಲಿಗೆ ಬಿಗಿದು ಗೇಟಿನ ಹೊರಗೆ ಬಂದ. ಹೆಜ್ಜೆಗಳು ಎದ್ದು ಕಾಣುತ್ತಿದ್ದವು, ಬಲಪಾದ ಹೊರಕ್ಕೆ ತಿರುಗಿದ ಚಪ್ಪಲಿ ಹೆಜ್ಜೆ. ನೀರಿನ ತೊಟ್ಟಿಯ ಪಕ್ಕ ಹಾದು, ಸಾಲಾಗಿ ನಿಂತ ಗಾಡಿಗಳ ನಡುವೆ ನುಸುಳಿ ಹೋಗಿದ್ದವು. ಮತರ್‌ನ ಗಾಡಿಯ ಹತ್ತಿರ ಅವು ನಿಂತಿರಲೂ ಇಲ್ಲ. ಓಹಾಜನ ಗುರುತಿನ ಚೀಟಿ ಆ ಗಾಡಿಯ ಖಾನೆಯಲ್ಲೇ ಇತ್ತು, ಕಂಬಳಿ ಹಿಂದಿನ ಸೀಟಿನಲ್ಲಿ. ಗಾಡಿಗಳನ್ನು ದಾಟಿದ ಮೇಲೆ ಹೆಜ್ಜೆಯಿಂದ ಹೆಜ್ಜೆಗೆ ಅಂತರ ಹೆಚ್ಚಿತ್ತು, ಆದರೆ ಓಡಿದ ಗುರುತಿರಲಿಲ್ಲ. ಉದ್ದ ಕಾಲಿನವನು ತನ್ನ ನಡಿಗೆಯಲ್ಲಿ ನಡೆದಿದ್ದ.

ಮರಳು ಮುಗಿದು ಹೆದ್ದಾರಿ ಶುರುವಾಗುವ ಅಂಚಿನಲ್ಲಿ ಎಡಪಾದದ ಹೆಜ್ಜೆ ಒಂದು ಪೂರ್ತಿಯಾಗಿ ಮೂಡಿತ್ತು. ಅದರ ಮುಂದೆ ಡಾಂಬರು.

ಡಾಂಬರಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಮತರ್ ಬಗ್ಗಿ ನೋಡಿದ, ಆಚೆ ಅಂಚಿಗೆ ದಾಟಿ ಅಲ್ಲಿಯೂ ನೋಡಿದ, ಎಡಕ್ಕೆ ನೂರು ಮಾರು, ಬಲಕ್ಕೆ ನೂರು ಮಾರು ಹೋಗಿ ಬಂದ. ಒಂದು ಲಾರಿ ಹಾದು ಹೋಯಿತು, ಅದರ ಹಿಂದೆ ಇನ್ನೊಂದು. ಕಣದಲ್ಲಿ ಹಮ್ಲೂಲ ಅರಚುತ್ತಿರುವುದು ಇಲ್ಲಿಗೂ ಕೇಳುತ್ತಿತ್ತು.

ಓಹಾಜ್ ಅವತ್ತು ಬರಲಿಲ್ಲ. ಆಮೇಲೂ ಬರಲಿಲ್ಲ.